‘ಲೋಕದ ಕೆಲಸ’ ಎಂಬ ಹುಸಿಬೋಧೆ

ನಮ್ಮ ಸಭೆಗಳಲ್ಲಿ ಒಂದು ಬೋಧೆ ಚಾಲ್ತಿಯಲ್ಲಿದೆ. ಅದು ಯಾವ ವಿಶ್ವಾಸಪ್ರಮಾಣದಲ್ಲೂ ಇಲ್ಲ. ಆದರೂ ಸಂಡೇ ಸ್ಕೂಲಿನ ಮಗುವಿನಿಂದ ಹಿಡಿದು ಕಮಿಟಿಯ ಹಿರಿಯರವರೆಗೆ ಎಲ್ಲರಿಗೂ ಕಂಠಪಾಠ. ಅದರ ಸಾರ ಇಷ್ಟು: ಮೈಕು ಹಿಡಿದು ವಾಕ್ಯ ಸಾರುವವರು ದೇವರ ಸೇವೆಯಲ್ಲಿದ್ದಾರೆ, ಉಳಿದವರೆಲ್ಲ ಲೋಕದ ಕೆಲಸದಲ್ಲಿದ್ದಾರೆ. ಮೊದಲಿನವರನ್ನು ದೇವರು ಕರೆದ. ಎರಡನೆಯವರು ಹೊಟ್ಟೆಪಾಡಿಗೆ ತಾವೇ ಅರ್ಜಿ ಹಾಕಿಕೊಂಡರು. ಇವರು ದುಡಿದ ಸಂಬಳದ ಹತ್ತರಲ್ಲೊಂದು ಪಾಲು ಅವರ ಕೈ ಸೇರಿದಾಗ ಮಾತ್ರ ಆ ದುಡಿಮೆಗೆ ಪರಲೋಕದಲ್ಲಿ ಒಂದಿಷ್ಟು ಬೆಲೆ.

ಈ ಬೋಧೆ ಸುಳ್ಳು ಎನ್ನುವುದು ನನ್ನ ವಾದ. ಬರೀ ಸುಳ್ಳಾಗಿದ್ದರೆ ಸುಮ್ಮನಿರಬಹುದಿತ್ತು. ಇದು ನಮ್ಮ ಜನರ ವಾರದ ಆರು ದಿನಗಳನ್ನು ದೇವರಿಂದ ಕಿತ್ತುಕೊಂಡಿದೆ. ನಮ್ಮ ಆಸ್ಪತ್ರೆ, ಶಾಲೆಗಳ ಮೇಲೆ ಹೊರಗಿನವರು ಹೊರಿಸುವ ಆರೋಪಕ್ಕೆ ಒಳಗಿನಿಂದಲೇ ಸಾಕ್ಷಿ ಒದಗಿಸುತ್ತಿದೆ. ಬಾಡಿಗೆ ಹಾಲಿನಲ್ಲಿ ನಡೆಯುವ ಹೊಸ ಸಭೆಗಳಿಗೂ ಈ ಮಾತು ಸಲ್ಲುತ್ತದೆ, ನೂರೈವತ್ತು ವರ್ಷದ ಗಂಟೆಗೋಪುರವಿರುವ ಹಳೆಯ ಸಭೆಗಳಿಗೂ ಸಲ್ಲುತ್ತದೆ.

ಯುವಜನರ ಕ್ಯಾಂಪಿನ ಕೊನೆಯ ರಾತ್ರಿ ಹೇಗಿರುತ್ತದೆ ಎಂಬುದು ನಮ್ಮಲ್ಲಿ ಬೆಳೆದ ಎಲ್ಲರಿಗೂ ಗೊತ್ತು. ದೀಪಗಳು ಸ್ವಲ್ಪ ಮಂಕಾಗುತ್ತವೆ. ಕೀಬೋರ್ಡ್ ಹುಡುಗ ಒಂದೇ ರಾಗವನ್ನು ಮೆಲ್ಲಗೆ ಸುತ್ತಿಸುತ್ತಿರುತ್ತಾನೆ. ಎಲ್ಲರೂ ತಲೆಬಾಗಿಸಿ ಕಣ್ಣು ಮುಚ್ಚಬೇಕು. ಪ್ರಸಂಗಿ ಮೊದಲ ಕರೆ ಕೊಡುತ್ತಾರೆ: ಪೂರ್ಣಾವಧಿ ಸೇವೆಗೆ ತಮ್ಮನ್ನು ಒಪ್ಪಿಸಿಕೊಡುವವರು ಮುಂದೆ ಬನ್ನಿ. ಏಳೆಂಟು ಮಂದಿ ಅಳುತ್ತಾ ಎದ್ದು ಹೋಗುತ್ತಾರೆ. ಆಮೇಲೆ ಎರಡನೆಯ ಕರೆ: ಹೋಗಲಾಗದವರು ಹೋಗುವವರಿಗೆ ಹಣದಿಂದ, ಪ್ರಾರ್ಥನೆಯಿಂದ ಆಸರೆಯಾಗುತ್ತೇವೆಂದು ಕೂತಲ್ಲೇ ಕೈ ಎತ್ತಿ. ಇನ್ನೂರು ಕೈಗಳು ಏಳುತ್ತವೆ. ಕ್ಯಾಂಪು ಮುಗಿಯಿತು. ಸೋಮವಾರ ಲೆಕ್ಕಪತ್ರದ ಆಫೀಸಿಗೋ, ನರ್ಸಿಂಗ್ ಡ್ಯೂಟಿಗೋ, ಪೀಣ್ಯದ ಗಾರ್ಮೆಂಟ್ಸಿಗೋ ಹೋಗಿ ದೇವರ ಮುಂದೆ ನಿಂತಂತೆ ಕೆಲಸ ಮಾಡುವವರು ಯಾರು ಎಂಬ ಮೂರನೆಯ ಕರೆ ಬರುವುದೇ ಇಲ್ಲ. ಇನ್ನೂರು ಜನ ಆ ರಾತ್ರಿ ಎರಡನೇ ದರ್ಜೆಯ ವಿಶ್ವಾಸಿಗಳಾಗಿ ಮನೆಗೆ ಹೋಗುತ್ತಾರೆ, ಜೀವಮಾನವಿಡೀ ಹಾಗೇ ಉಳಿಯುತ್ತಾರೆ.

ಭಾನುವಾರದ ‘ಸಾಕ್ಷಿ’ಯ ಹೊತ್ತನ್ನು ಗಮನಿಸಿ. ಸರ್ಕಾರಿ ನೌಕರರೊಬ್ಬರು ಎದ್ದು, ದೇವರು ನನ್ನ ಪ್ರಾರ್ಥನೆ ಕೇಳಿದ, ಬಹಳ ದಿನದಿಂದ ಬಯಸಿದ್ದ ‘ಒಳ್ಳೆ ಜಾಗ’ಕ್ಕೆ ವರ್ಗ ಆಯಿತು ಎನ್ನುತ್ತಾರೆ. ಸಭೆಯೆಲ್ಲ ‘ಸ್ತೋತ್ರ’ ಎನ್ನುತ್ತದೆ. ನಮ್ಮ ರಾಜ್ಯದಲ್ಲಿ ಕೆಲವು ಇಲಾಖೆಗಳಲ್ಲಿ ‘ಒಳ್ಳೆ ಜಾಗ’ ಎಂದರೆ ಏನೆಂದು ಕೂತವರಲ್ಲಿ ಗೊತ್ತಿಲ್ಲದವರು ಯಾರೂ ಇಲ್ಲ. ಆ ಜಾಗದಲ್ಲಿ ಕೂತು ಇನ್ನು ಏನು ಮಾಡುತ್ತೀರಿ ಎಂದು ಕೇಳುವವರು ಮಾತ್ರ ಯಾರೂ ಇಲ್ಲ. ಅದು ಲೋಕದ ಕೆಲಸ, ಸಭೆಗೆ ಸಂಬಂಧವಿಲ್ಲ. ಅದೇ ಸಾಲಿನ ಕೊನೆಯಲ್ಲಿ ಒಬ್ಬ ನರ್ಸ್ ಕೂತಿರುತ್ತಾಳೆ. ರಾತ್ರಿ ಪಾಳಿ ಮುಗಿಸಿ ನೇರ ಬಂದವಳು, ಕಣ್ಣು ಕೆಂಪಾಗಿದೆ. ಬೆಳಗಿನ ಜಾವ ಮೂರಕ್ಕೆ ಪಾರ್ಶ್ವವಾಯು ಬಡಿದ ಮುದುಕರೊಬ್ಬರನ್ನು ಪಕ್ಕಕ್ಕೆ ಹೊರಳಿಸಿ, ಒದ್ದೆಯಾದ ಹಾಸಿಗೆ ಬಟ್ಟೆ ಬದಲಿಸಿ, ಬೆನ್ನಿಗೆ ಹುಣ್ಣಾಗದಂತೆ ಪೌಡರ್ ಹಚ್ಚಿ ಬಂದಿದ್ದಾಳೆ. ಸಾಕ್ಷಿ ಹೇಳಲು ಆಕೆ ಏಳುವುದಿಲ್ಲ. ಅದು ಸಾಕ್ಷಿ ಎಂದು ಆಕೆಗೆ ಯಾರೂ ಹೇಳಿಕೊಟ್ಟಿಲ್ಲ. ಆರಾಧನೆ ಮುಗಿದ ಮೇಲೆ ಹಿರಿಯರೊಬ್ಬರು, ‘ಏನಮ್ಮಾ, ಶುಕ್ರವಾರದ ಉಪವಾಸ ಪ್ರಾರ್ಥನೆಗೆ ಕಾಣಲೇ ಇಲ್ಲ?’ ಎಂದು ಕೇಳಿ ಕಳಿಸುತ್ತಾರೆ.

ನಾವು ಬೈಬಲ್ಲೇ ಪ್ರಮಾಣ ಎನ್ನುವ ಜನ. ಹಾಗಾದರೆ ಬೈಬಲ್ಲಿಗೇ ಹೋಗೋಣ. ಯೇಸು ನಜರೇತಿನಲ್ಲಿ ಬಡಗಿ. ಲೂಕನ ಲೆಕ್ಕದಲ್ಲಿ ಸುಮಾರು ಮೂವತ್ತನೆಯ ವಯಸ್ಸಿಗೆ ಆತ ಬಹಿರಂಗವಾಗಿ ಬೋಧಿಸತೊಡಗಿದ್ದು. ಯೊರ್ದನ್ ಹೊಳೆಯಲ್ಲಿ ದೀಕ್ಷಾಸ್ನಾನವಾದಾಗ, ಈ ಮಗನನ್ನು ನಾನು ಮೆಚ್ಚಿದ್ದೇನೆ ಎಂಬರ್ಥದ ಮಾತು ಆಕಾಶದಿಂದ ಬಂತು. ಆ ಹೊತ್ತಿಗೆ ಆತ ಒಂದು ಪ್ರಸಂಗ ಮಾಡಿರಲಿಲ್ಲ, ಒಬ್ಬ ರೋಗಿಯನ್ನೂ ಗುಣಪಡಿಸಿರಲಿಲ್ಲ. ತಂದೆ ಮೆಚ್ಚಿದ ಆ ಬದುಕಿನಲ್ಲಿ ಇದ್ದದ್ದು ಮರ, ಉಳಿ, ತಾಯಿ, ತಮ್ಮಂದಿರು, ಊರಿನವರ ಮುರಿದ ಸಾಮಾನು. ನಮ್ಮ ಪ್ರಸಂಗಿಗಳಿಗೆ ಆ ವರ್ಷಗಳು ‘ತಯಾರಿಯ ಕಾಲ’. ನಿಜವಾದ ಬದುಕು ವೇದಿಕೆ ಹತ್ತಿದ ಮೇಲೆ ಶುರುವಾಗುತ್ತದೆಂದು ಮೊದಲೇ ತೀರ್ಮಾನಿಸಿಕೊಂಡವರಿಗೆ ಹಾಗಲ್ಲದೆ ಮತ್ತೆ ಹೇಗೆ ಕಂಡೀತು?

ಬೈಬಲ್ಲಿನಲ್ಲಿ ದೇವರಾತ್ಮ ತುಂಬಿದ ಮೊದಲಿಗರಲ್ಲಿ ಒಬ್ಬನು ಬೆಚಲೇಲ. ಅವನು ಪ್ರವಾದಿಯಲ್ಲ, ಚಿನ್ನ, ಬೆಳ್ಳಿ, ತಾಮ್ರದ ಕೆಲಸದವನು, ರತ್ನ ಕೆತ್ತುವವನು, ಮರಗೆಲಸದವನು. ಆ ಕೈಚಳಕಕ್ಕೇ ಆತ್ಮ ಬಂತೆಂದು ವಿಮೋಚನಕಾಂಡ ಹೇಳುತ್ತದೆ. ಕೊರಿಂಥದಲ್ಲಿ ಪೌಲ ಅಕ್ವಿಲ, ಪ್ರಿಸ್ಕಿಲ್ಲರ ಜೊತೆ ಕೂತು ಗುಡಾರ ಹೊಲಿದ. ಯೊಪ್ಪದ ದೊರ್ಕ ಸತ್ತಾಗ ವಿಧವೆಯರು ಪೇತ್ರನಿಗೆ ಆಕೆಯ ಪ್ರಸಂಗದ ಟಿಪ್ಪಣಿ ತೋರಿಸಲಿಲ್ಲ, ಆಕೆ ಹೊಲಿದುಕೊಟ್ಟ ಅಂಗಿಗಳನ್ನು ತೋರಿಸಿದರು. ಇವೆಲ್ಲಕ್ಕಿಂತ ನನಗೆ ಹೆಚ್ಚು ತೂಕದ್ದೆನಿಸುವುದು ಸ್ನಾನಿಕನಾದ ಯೋಹಾನನ ಮುಂದೆ ನಡೆದ ಒಂದು ಚಿಕ್ಕ ಸಂಗತಿ. ಸುಂಕದವರು ಬಂದು ನಾವೇನು ಮಾಡಬೇಕು ಎಂದರು. ಕೆಲಸ ಬಿಟ್ಟು ನನ್ನ ಜೊತೆ ಅಡವಿಗೆ ಬನ್ನಿ ಎಂದು ಅವನು ಹೇಳಲಿಲ್ಲ. ಗೊತ್ತುಪಡಿಸಿದ್ದಕ್ಕಿಂತ ಹೆಚ್ಚು ವಸೂಲಿ ಮಾಡಬೇಡಿ ಎಂದ. ಸಿಪಾಯಿಗಳಿಗೆ ಯಾರನ್ನೂ ಹೆದರಿಸಿ ಸುಲಿಯಬೇಡಿ, ಬರುವ ಸಂಬಳದಲ್ಲಿ ತೃಪ್ತರಾಗಿರಿ ಎಂದ. ರೋಮ್ ಸಾಮ್ರಾಜ್ಯದ ಸುಂಕದ ಕಟ್ಟೆಯಲ್ಲೇ ಕೂತು ದೇವರಿಗೆ ನಡೆದುಕೊಳ್ಳಬಹುದು ಎಂದಾಯಿತಲ್ಲ! ನಮ್ಮ ‘ಒಳ್ಳೆ ಜಾಗ’ದ ಸಹೋದರರಿಗೆ ಯಾರಾದರೂ ಹೇಳಬೇಕಾಗಿದ್ದ ಪ್ರಸಂಗ ಅದೇ ಆಗಿತ್ತು.

ಇಲ್ಲಿ ಒಂದು ಎದುರು ಮಾತು ಬರುತ್ತದೆ. ಪೇತ್ರ ಬಲೆಯನ್ನು ಬಿಟ್ಟು ಹೋಗಲಿಲ್ಲವೇ, ಲೇವಿ ಸುಂಕದ ಕಟ್ಟೆಯಿಂದ ಎದ್ದು ಹೋಗಲಿಲ್ಲವೇ? ಹೋದರು. ಹನ್ನೆರಡು ಮಂದಿಗೆ ಅಂಥ ಕರೆ ಬಂತು. ಆದರೆ ಜಕ್ಕಾಯ ಯೆರಿಕೋವಿನಲ್ಲೇ ಉಳಿದ. ಮೋಸದಿಂದ ಪಡೆದಿದ್ದನ್ನು ನಾಲ್ಕರಷ್ಟು ಹಿಂದಿರುಗಿಸುತ್ತೇನೆಂದ, ಅವನ ಮನೆಗೆ ಆ ದಿನವೇ ರಕ್ಷಣೆ ಬಂತು. ಕೆಲವರಿಗೆ ಬಂದ ಕರೆಯನ್ನು ಎಲ್ಲರ ಅಳತೆಗೋಲು ಮಾಡಿದ್ದು ನಾವು. ಇನ್ನು, ಅಪೊಸ್ತಲರು ಊಟದ ಪಂಕ್ತಿಯ ಕೆಲಸವನ್ನು ಬೇರೆಯವರಿಗೆ ಬಿಟ್ಟುಕೊಟ್ಟು ವಾಕ್ಯೋಪದೇಶದಲ್ಲಿ ನಿರತರಾದರು ಎಂಬ ಅಪೊಸ್ತಲರ ಕೃತ್ಯಗಳ ಆರನೆಯ ಅಧ್ಯಾಯವನ್ನು ನಮ್ಮವರು ಬಹಳ ಉತ್ಸಾಹದಿಂದ ಓದುತ್ತಾರೆ. ಮುಂದಿನ ಪುಟ ತಿರುವುವುದಿಲ್ಲ. ಪಂಕ್ತಿ ನೋಡಿಕೊಳ್ಳಲು ಆರಿಸಿದ ಏಳು ಮಂದಿಯಲ್ಲಿ ಸ್ತೆಫನ ಮೊದಲ ಹುತಾತ್ಮನಾದ. ಫಿಲಿಪ್ಪ ಸಮಾರ್ಯಕ್ಕೆ ಸುವಾರ್ತೆ ಒಯ್ದ. ಹೊಸ ಒಡಂಬಡಿಕೆಯಲ್ಲಿ ಸುವಾರ್ತಿಕ ಎಂದು ಹೆಸರು ಹಿಡಿದು ಕರೆಸಿಕೊಂಡವನು ಅವನೊಬ್ಬನೇ. ಅನ್ನ ಬಡಿಸುವವರ ಸಾಲಿನಿಂದಲೇ ಅವನು ಬಂದ. (ನಮ್ಮ ಕನ್ವೆನ್ಷನ್‌ಗಳಲ್ಲಿ ಮೂರು ದಿನ ಒಲೆಯ ಮುಂದೆ ಬೆವರುವ ಅಕ್ಕಂದಿರಿಗೆ ಕೊನೆಯ ದಿನ ಒಂದು ಚಪ್ಪಾಳೆ ಸಿಗುತ್ತದೆ, ಶಾಲು ಪ್ರಸಂಗಿಗೆ.)

ಪ್ರತಿ ಅಕ್ಟೋಬರ್ 31ಕ್ಕೆ ನಾವು ಲೂಥರನನ್ನು ನೆನೆಯುತ್ತೇವೆ. 1517ರ ಆ ಬಾಗಿಲು, ಆ ಸುತ್ತಿಗೆ, ಎಲ್ಲ ಸರಿ. ಮೂರು ವರ್ಷದ ಮೇಲೆ, 1520ರಲ್ಲಿ, ಅವನು ಬರೆದದ್ದನ್ನು ನೆನೆಯುವವರು ಕಡಿಮೆ. ಸನ್ಯಾಸಿ, ಪಾದ್ರಿ ಮೇಲಿನ ಮೆಟ್ಟಿಲು, ರೈತ, ಚಮ್ಮಾರ ಕೆಳಗಿನ ಮೆಟ್ಟಿಲು ಎಂಬ ಏಣಿಯನ್ನೇ ಅವನು ಕಿತ್ತೆಸೆದ. ವಿಶ್ವಾಸಿಗಳೆಲ್ಲರೂ ಯಾಜಕರೇ, ಭೇದವಿರುವುದು ಹೊಣೆಯಲ್ಲಿ, ದರ್ಜೆಯಲ್ಲಲ್ಲ ಎಂದ. ಅವನ ಹೆಸರು ಹೇಳಿಕೊಂಡು ಹುಟ್ಟಿದ ನಾವು ಅದೇ ಏಣಿಯನ್ನು ಮತ್ತೆ ನಿಲ್ಲಿಸಿದ್ದೇವೆ. ಕನ್ನಡಿಗರಿಗಂತೂ ಇದನ್ನು ತಿಳಿಯಲು ಜರ್ಮನಿಗೆ ಹೋಗಬೇಕಿರಲಿಲ್ಲ. ಇದು ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಮೇದಾರ ಕೇತಯ್ಯ, ನುಲಿಯ ಚಂದಯ್ಯನವರ ನಾಡು. 12ನೇ ಶತಮಾನದ ಆ ಶರಣರು ತಮ್ಮ ಕಸುಬನ್ನು ಹೆಸರಿನ ಮುಂದೆ ಹೊತ್ತರು. ನಮ್ಮವರು ಹೆಸರಿನ ಮುಂದೆ ಹೊರುವುದು ರೆವರೆಂಡ್, ಬಿಷಪ್, ಅಪೊಸ್ತಲ, ಡಾಕ್ಟರ್. ಕೆಲವರು ನಾಲ್ಕನ್ನೂ ಒಟ್ಟಿಗೆ ಹೊರುತ್ತಾರೆ, ಪೋಸ್ಟರಿನಲ್ಲಿ ಹೆಸರಿಗೆ ಜಾಗ ಉಳಿಯುವುದಿಲ್ಲ. ಕ್ರೈಸ್ತ ನಂಬಿಕೆಯೂ ಶರಣರ ನಂಬಿಕೆಯೂ ಒಂದೇ ಎಂದು ನಾನು ಹೇಳುತ್ತಿಲ್ಲ. ಕಾಯಕದ ಮಣ್ಣಿನಲ್ಲಿ ಬೆಳೆದ ಸಭೆಗೆ ಕಾಯಕವೇ ಪರಕೀಯವಾಗಿರುವುದು ನಾಚಿಕೆಗೇಡು ಎನ್ನುತ್ತಿದ್ದೇನೆ.

ಇನ್ನು ಮಿಷನರಿಗಳ ಚರಿತ್ರೆ. ನಮ್ಮ ಪ್ರಸಂಗಗಳಲ್ಲಿ ಅದರಷ್ಟು ಬಳಕೆಯಾಗುವುದೂ ಅದರಷ್ಟು ತಿರುಚಿಕೊಳ್ಳುವುದೂ ಇನ್ನೊಂದಿಲ್ಲ. ವಿಲಿಯಂ ಕೇರಿ ಎಂದರೆ ಎಲ್ಲವನ್ನೂ ಬಿಟ್ಟು ಬಂದ ಸುವಾರ್ತಿಕ, ಅಷ್ಟೇ. ಕೇರಿ ಇಂಗ್ಲೆಂಡಿನಲ್ಲಿ ಚಪ್ಪಲಿ ಹೊಲಿಯುವವನಾಗಿದ್ದ. 1793ರಲ್ಲಿ ಬಂಗಾಳಕ್ಕೆ ಬಂದವನು ಹಲವು ವರ್ಷ ನೀಲಿ ಕಾರ್ಖಾನೆಯೊಂದರ ಉಸ್ತುವಾರಿ ನೋಡಿಕೊಂಡು ಸಂಸಾರ ಸಾಗಿಸಿದ. ಆಮೇಲೆ ಫೋರ್ಟ್ ವಿಲಿಯಂ ಕಾಲೇಜಿನಲ್ಲಿ ಪಾಠ ಹೇಳಿದ, ಆ ಸಂಬಳ ಶ್ರೀರಾಮಪುರದ ಮಿಷನ್ನಿಗೆ ಹೋಯಿತು. ಅಲ್ಲಿಯ ಅಚ್ಚುಕೂಟದಿಂದ 1817ರಲ್ಲಿ ಅವನು ಬರೆದ ಕನ್ನಡ ವ್ಯಾಕರಣವೂ ಹೊರಬಂತು. ಭಾರತಕ್ಕೆ ಬಂದ ಮೊದಲ ಏಳು ವರ್ಷ ಅವನ ಬೋಧನೆಯಿಂದ ಬಂಗಾಳಿಗಳಲ್ಲಿ ಒಬ್ಬನೂ ದೀಕ್ಷಾಸ್ನಾನ ಪಡೆಯಲಿಲ್ಲ. 1800ರ ಡಿಸೆಂಬರಿನಲ್ಲಿ ಪಡೆದವನು ಕೃಷ್ಣ ಪಾಲ್ ಎಂಬ ಬಡಗಿ. ಅವನ ಕೈ ಕೀಲು ತಪ್ಪಿತ್ತು, ಜೊತೆಗಾರ ಡಾಕ್ಟರ್ ಥಾಮಸ್ ಸರಿಪಡಿಸಿದ, ಮಾತು ಶುರುವಾದದ್ದು ಅಲ್ಲಿಂದ. ಈಗಿನ ಮಿಷನ್ ಸಂಸ್ಥೆಗಳ ತ್ರೈಮಾಸಿಕ ವರದಿಯ ನಮೂನೆಯನ್ನು ಕೇರಿಯ ಕೈಗೆ ಕೊಟ್ಟಿದ್ದರೆ, ಎರಡನೇ ವರ್ಷಕ್ಕೇ ಅವನ ಆಸರೆ ನಿಂತುಹೋಗುತ್ತಿತ್ತು.

ನಮ್ಮ ಮಂಗಳೂರಿಗೆ ಬನ್ನಿ. 1834ರಲ್ಲಿ ಬಾಸೆಲ್ ಮಿಷನ್ನಿನ ಹೆಬಿಕ್, ಲೇನರ್, ಗ್ರೈನರ್ ಅಲ್ಲಿಗೆ ಬಂದಿಳಿದರು. ಹೊಸ ನಂಬಿಕೆ ಹಿಡಿದವನಿಗೆ ಮನೆ ಹೋಯಿತು, ಜಾತಿಯ ಜೊತೆಗೆ ಕಸುಬೂ ಹೋಯಿತು. ಅವನು ಏನು ಉಣ್ಣಬೇಕು? ಈ ಪ್ರಶ್ನೆಯನ್ನು ಪ್ರಾರ್ಥನಾ ವಿಷಯವೆಂದು ಪಟ್ಟಿಗೆ ಸೇರಿಸಿ ಸುಮ್ಮನಾಗದೆ ಅವರು ಅಚ್ಚುಕೂಟ ಹಾಕಿದರು, ಮಗ್ಗ ಹಾಕಿದರು, ಹಾಲರ್ ಎಂಬ ನೇಕಾರನನ್ನು ಯುರೋಪಿನಿಂದ ಕರೆಸಿದರು. 1865ರಲ್ಲಿ ಜೆಪ್ಪುವಿನಲ್ಲಿ ಪ್ಲೆಬ್ಸ್ಟ್ ಹೆಂಚಿನ ಕಾರ್ಖಾನೆ ಶುರು ಮಾಡಿದ. ‘ಮಂಗಳೂರು ಹೆಂಚು’ ಎಂದು ದೇಶವೆಲ್ಲ ಕರೆಯುವುದು ಅಲ್ಲಿಂದ ಹೊರಟ ಹೆಂಚನ್ನು. ನೇತ್ರಾವತಿಯ ಜೇಡಿಮಣ್ಣನ್ನು ತುಳಿದು, ಅಚ್ಚಿಗೊತ್ತಿ, ಬೇಯಿಸಿದ ಕೈಗಳು ಹೊಸದಾಗಿ ನಂಬಿದವರ ಕೈಗಳು. ದೇವಸ್ಥಾನ, ಮಸೀದಿ, ಇಗರ್ಜಿ, ರೈಲ್ವೆ ಸ್ಟೇಷನ್ ಎನ್ನದೆ ಎಲ್ಲದರ ಮೇಲೂ ಆ ಹೆಂಚು ಕೂತಿತು. ಆ ಕಾರ್ಖಾನೆಗಳಲ್ಲಿ ಕುಂದುಗಳೂ ಇದ್ದವು. ಅನ್ನದ ಒಡೆಯನೂ ಆತ್ಮದ ಒಡೆಯನೂ ಒಬ್ಬನೇ ಆದಾಗ ಕೆಲಸಗಾರ ಬಾಯಿ ಬಿಡುವುದು ಕಷ್ಟ. ಅದನ್ನು ಮುಚ್ಚಿಡಬೇಕಿಲ್ಲ. ಆದರೆ ಒಂದು ಹೆಂಚು ಸರಿಯಾಗಿ ಬೆಂದಿದೆಯೇ, ಮಳೆಗಾಲದಲ್ಲಿ ಸೋರುತ್ತದೆಯೇ ಎಂಬುದು ದೇವರಿಗೂ ಸಂಬಂಧಪಟ್ಟ ವಿಷಯ ಎಂದು ಅವರಿಗೆ ಗೊತ್ತಿತ್ತು.

ಅದೇ ಬಾಸೆಲ್ ಮಿಷನ್ನಿನ ಮೊಗ್ಲಿಂಗ್ 1843ರ ಜುಲೈ 1ರಂದು ‘ಮಂಗಳೂರ ಸಮಾಚಾರ’ ಹೊರತಂದ. ಅದು ಕನ್ನಡದ ಮೊದಲ ಪತ್ರಿಕೆ. ದಾಸರ ಪದಗಳನ್ನೂ ‘ಜೈಮಿನಿ ಭಾರತ’ವನ್ನೂ ‘ಬಸವಪುರಾಣ’ವನ್ನೂ ಅಚ್ಚು ಹಾಕಿಸಿದ. ಇವತ್ತು ಯಾವನಾದರೂ ಪಾಸ್ಟರ್ ದಾಸರ ಪದಗಳನ್ನು ಸಂಪಾದಿಸಿ ಅಚ್ಚು ಮಾಡಿಸಲಿ ನೋಡೋಣ, ಮುಂದಿನ ಭಾನುವಾರವೇ ಅವನನ್ನು ಬಿಡಿಸಲು ವಿಶೇಷ ಪ್ರಾರ್ಥನೆ ನಡೆಯುತ್ತದೆ. ಅದೇ ಮಿಷನ್ನಿನ ಕಿಟೆಲ್ 1853ರಲ್ಲಿ ಬಂದ. ಅವನ ನಿಘಂಟು ಮುಗಿದು ಹೊರಬಂದದ್ದು 1894ರಲ್ಲಿ. ಸುಮಾರು 70,000 ಶಬ್ದಗಳು. ಆ ನಿಘಂಟಿನಿಂದ ಎಷ್ಟು ಆತ್ಮಗಳು ಬಂದವು ಎಂಬ ಅಂಕಣದಲ್ಲಿ ಬರೆಯಬೇಕಾದದ್ದು ಸೊನ್ನೆ. ಕರ್ನಾಟಕದಲ್ಲಿ ಇಂದಿಗೂ ಯಾವ ಜಾತಿಮತದವರೂ ಪ್ರೀತಿಯಿಂದ ಹೆಸರು ಹೇಳುವ ಮಿಷನರಿ ಯಾರು ಎಂದು ಮಾತ್ರ ಕೇಳಿ ನೋಡಿ.

ಪಂಡಿತಾ ರಮಾಬಾಯಿಯವರಿಗೆ ನಾವು ಮಾಡಿರುವುದು ಇನ್ನೂ ವಿಚಿತ್ರ. ಆಕೆ ಹುಟ್ಟಿದ್ದು 1858ರಲ್ಲಿ, ಪಶ್ಚಿಮಘಟ್ಟದ ಗಂಗಾಮೂಲದಲ್ಲಿ. ಮನೆತನ ಕಾರ್ಕಳದ ಕಡೆಯ ಮಾಳದ್ದು. ನಮ್ಮ ಮಣ್ಣಿನ ಮಗಳು. ಪುಣೆಯ ಹತ್ತಿರದ ಕೇಡಗಾಂವ್‌ನಲ್ಲಿ ಆಕೆ ಕಟ್ಟಿದ ಮುಕ್ತಿ ಮಿಷನ್ನಿನಲ್ಲಿ 1905ರಲ್ಲಿ ದೊಡ್ಡ ಉಜ್ಜೀವನವಾಯಿತು. ಪೆಂತೆಕೊಸ್ತಲ ಸಭೆಗಳ ಚರಿತ್ರೆಗಳಲ್ಲಿ ಆ ‘ಬೆಂಕಿ’ಯನ್ನು ತಪ್ಪದೆ ನೆನೆಯುತ್ತಾರೆ. ಬೆಂಕಿ ಬಿದ್ದ ಜಾಗ ಎಂಥದ್ದು ಎಂದು ಹೇಳುವವರಿಲ್ಲ. ಬರಗಾಲದಲ್ಲಿ ಹಸಿದು ಬಂದ ಹುಡುಗಿಯರು, ಬಾಲವಿಧವೆಯರು ಅಲ್ಲಿದ್ದರು. ಮಗ್ಗಗಳಿದ್ದವು, ಎಣ್ಣೆಗಾಣವಿತ್ತು, ಹಸು ಕರುಗಳಿದ್ದವು, ಅಚ್ಚುಕೂಟವಿತ್ತು. ರಮಾಬಾಯಿ ಮರಾಠಿಗೆ ಅನುವಾದಿಸಿದ ಬೈಬಲ್ಲಿಗೆ ಮೊಳೆ ಜೋಡಿಸಿದವರು ಅದೇ ಹೆಣ್ಣುಮಕ್ಕಳು. ಬೆಳಿಗ್ಗೆ ಪ್ರಾರ್ಥನೆಯಲ್ಲಿ ಅತ್ತವರು ಹತ್ತು ಗಂಟೆಗೆ ಗಾಣದ ಹತ್ತಿರ ಇರುತ್ತಿದ್ದರು. ಆಕೆಗೆ ಅವೆರಡೂ ಬೇರೆಯಾಗಿರಲಿಲ್ಲ. ನಾವು ಗಾಣವನ್ನೂ ಮಗ್ಗವನ್ನೂ ಅಳಿಸಿ, ಬೆಂಕಿಯನ್ನಷ್ಟೇ ಕತ್ತರಿಸಿ ಪ್ರಸಂಗಕ್ಕೆ ಅಂಟಿಸಿಕೊಂಡಿದ್ದೇವೆ.

ಈಗ ನೋವಿನ ಮಾತಿಗೆ ಬರುತ್ತೇನೆ. ಸೇವೆ ಎಂದರೆ ಬೋಧನೆ ಮಾತ್ರ ಎಂದು ಒಪ್ಪಿಕೊಂಡ ಮೇಲೆ, ಶಾಲೆ ಆಸ್ಪತ್ರೆಗಳನ್ನು ಏನೆಂದು ಕರೆಯುವುದು? ನಮ್ಮ ಸಭೆಗಳು ಒಂದು ಉತ್ತರ ಹುಡುಕಿಕೊಂಡಿವೆ: ಅವು ‘ಬಾಗಿಲು’. ಆಸ್ಪತ್ರೆ ಒಂದು ಬಾಗಿಲು, ಟ್ಯೂಷನ್ ಸೆಂಟರ್ ಒಂದು ಬಾಗಿಲು, ಹೊಲಿಗೆ ತರಬೇತಿ ಒಂದು ಬಾಗಿಲು. ಒಳಗೆ ನುಗ್ಗಿದ ಮೇಲೆ ಅಸಲಿ ಕೆಲಸ. ದೇಣಿಗೆ ಕೇಳುವ ಪತ್ರಗಳಲ್ಲಿ, ಕೂಟಗಳಲ್ಲಿ ಈ ಮಾತು ಎಷ್ಟು ಸರಾಗವಾಗಿ ಬರುತ್ತದೆಂದರೆ ಅದರಲ್ಲಿ ಏನೋ ತಪ್ಪಿದೆ ಎಂದೇ ಯಾರಿಗೂ ಅನ್ನಿಸುವುದಿಲ್ಲ. ಆದರೆ ಇದೇ ಮಾತನ್ನು ನಮ್ಮ ವಿರೋಧಿಗಳು ಬೇರೆ ಹೆಸರಿನಲ್ಲಿ ಹೇಳುತ್ತಾರೆ. ಅವರು ಅದನ್ನು ಗಾಳ ಎನ್ನುತ್ತಾರೆ, ಆಮಿಷ ಎನ್ನುತ್ತಾರೆ. 2022ರಲ್ಲಿ ರಾಜ್ಯದಲ್ಲಿ ಜಾರಿಗೆ ಬಂದ ಮತಾಂತರ ತಡೆ ಕಾಯ್ದೆಯಲ್ಲಿ ‘ಆಮಿಷ’ಕ್ಕೆ ಕೊಟ್ಟ ಅರ್ಥವಿವರಣೆ ಓದಿ: ಉಡುಗೊರೆ, ಉದ್ಯೋಗ, ಧಾರ್ಮಿಕ ಸಂಸ್ಥೆಯ ಶಾಲೆಯಲ್ಲಿ ಉಚಿತ ಶಿಕ್ಷಣ ಎಲ್ಲವೂ ಅದರೊಳಗೆ ಬರುತ್ತವೆ. ಬಡವನ ಮಗಳಿಗೆ ಓದು ಕಲಿಸುವುದನ್ನು ಅಪರಾಧದ ಹೊಸ್ತಿಲಿಗೆ ತಂದು ನಿಲ್ಲಿಸಿದ ಆ ಕಾಯ್ದೆ ಅನ್ಯಾಯದ್ದು. 2023ರ ಜೂನ್‌ನಲ್ಲಿ ಸಚಿವ ಸಂಪುಟ ಅದನ್ನು ರದ್ದುಮಾಡಲು ತೀರ್ಮಾನಿಸಿದ್ದು ಸರಿಯೇ. 2008ರ ಸೆಪ್ಟೆಂಬರ್‌ನಲ್ಲಿ ಮಂಗಳೂರಿನ ಸುತ್ತ ಪ್ರಾರ್ಥನಾಲಯಗಳಿಗೆ ನುಗ್ಗಿ ಹೊಡೆದವರಿಗೆ ಯಾವ ಸಮರ್ಥನೆಯೂ ಇಲ್ಲ. ಹೊಡೆದವರ ತಪ್ಪು ಹೊಡೆಸಿಕೊಂಡವರ ತಲೆಗೆ ಬರುವುದಿಲ್ಲ.

ಆದರೂ ನಾವೇ ನಮ್ಮನ್ನು ಕೇಳಿಕೊಳ್ಳಬೇಕಾದ ಪ್ರಶ್ನೆ ಹಾಗೇ ಉಳಿಯುತ್ತದೆ. ರೋಗಿಯ ಗಾಯ ತೊಳೆಯುವುದು ತನ್ನಷ್ಟಕ್ಕೆ ದೇವರ ಕೆಲಸವಲ್ಲ, ಆಮೇಲೆ ಕೊಡುವ ಕರಪತ್ರವೇ ದೇವರ ಕೆಲಸ ಎಂದು ನಾವು ನಂಬುವುದಾದರೆ, ಗಾಯ ತೊಳೆದದ್ದು ಏನಾಯಿತು? ಗಾಳಕ್ಕೆ ಸಿಕ್ಕಿಸಿದ ಎರೆಯಾಯಿತು. ವಿರೋಧಿಗಳು ಹಗೆಯಿಂದ ಹೇಳಿದ್ದನ್ನೇ ನಾವು ಭಕ್ತಿಯಿಂದ ಹೇಳಿದೆವು. ಒಳ್ಳೆಯ ಸಮಾರ್ಯದವನ ಕಥೆಯಲ್ಲಿ ಅವನು ಗಾಯಕ್ಕೆ ಎಣ್ಣೆ, ದ್ರಾಕ್ಷಾರಸ ಹಾಕಿ ಕಟ್ಟಿದ, ತನ್ನ ವಾಹನದ ಮೇಲೆ ಕೂರಿಸಿಕೊಂಡು ಛತ್ರಕ್ಕೆ ಕರೆದೊಯ್ದ, ಖರ್ಚಿಗೆ ದುಡ್ಡು ಕೊಟ್ಟ, ತನ್ನ ದಾರಿ ಹಿಡಿದ. ಯೇಸು ಕಥೆಯನ್ನು ಅಲ್ಲಿಗೇ ಮುಗಿಸಿ, ಹೋಗಿ ನೀನೂ ಹಾಗೇ ಮಾಡು ಎಂದ. ವೆಲ್ಲೂರಿನ ಕ್ರಿಶ್ಚಿಯನ್ ಮೆಡಿಕಲ್ ಕಾಲೇಜು ಆಸ್ಪತ್ರೆಗೆ ನಮ್ಮ ರಾಜ್ಯದಿಂದ ಬಸ್ಸು ಹತ್ತುವ ಸಾವಿರಾರು ಹಿಂದೂ, ಮುಸ್ಲಿಂ ರೋಗಿಗಳು ಅಲ್ಲಿಗೆ ಹೋಗುವುದು ಅಲ್ಲಿಯ ವೈದ್ಯ ಒಳ್ಳೆಯವನು, ರಸೀದಿ ಪ್ರಾಮಾಣಿಕವಾಗಿದೆ ಎಂದು. ಅದೇ ಸಾಕ್ಷಿ. ಅದಕ್ಕೆ ಇನ್ನೊಂದು ಉದ್ದೇಶದ ಬಾಲ ಕಟ್ಟಬೇಕಿಲ್ಲ. ರೋಗಿ ತಾನಾಗಿ, ನೀವು ಹೀಗೇಕೆ ನಡೆದುಕೊಳ್ಳುತ್ತೀರಿ ಎಂದು ಕೇಳಿದರೆ ಹೇಳಲು ನಾಚಿಕೆಪಡಬೇಕಾಗಿಯೂ ಇಲ್ಲ.

ಹಣದ ಮಾತು ಎತ್ತದಿದ್ದರೆ ಈ ಬೋಧೆಯ ಬೇರು ಕಾಣುವುದಿಲ್ಲ. ದಶಮಾಂಶದ ಭಾನುವಾರ ನಮ್ಮಲ್ಲಿ ಎಲ್ಲರೂ ತಿರುವುವುದು ಮಲಾಕಿಯನ ಮೂರನೆಯ ಅಧ್ಯಾಯದ ಹತ್ತನೆಯ ವಚನ. ಬೊಕ್ಕಸಕ್ಕೆ ಹತ್ತನೆಯ ಪಾಲು ತಂದರೆ ಪರಲೋಕದ ದ್ವಾರಗಳು ತೆರೆದು ಆಶೀರ್ವಾದ ಸುರಿಯುತ್ತದೆಂಬ ಮಾತು. ಅದೇ ಅಧ್ಯಾಯದಲ್ಲಿ, ಐದೇ ವಚನ ಮೇಲೆ, ಕೂಲಿಯವನ ಕೂಲಿಯಲ್ಲಿ ವಂಚಿಸುವವರ ಮೇಲೆ, ವಿಧವೆಯನ್ನೂ ಪರದೇಶಿಯನ್ನೂ ತುಳಿಯುವವರ ಮೇಲೆ ದೇವರೇ ಸಾಕ್ಷಿಯಾಗಿ ಬರುತ್ತೇನೆಂದಿದ್ದಾನೆ. ಆ ಐದನೆಯ ವಚನದ ಮೇಲೆ ಪ್ರಸಂಗ ಕೇಳಿದವರು ಕೈ ಎತ್ತಲಿ. ನಮ್ಮ ಸಭೆಗಳಲ್ಲಿ ಕಟ್ಟಡದ ಗುತ್ತಿಗೆದಾರರಿದ್ದಾರೆ. ರಾಯಚೂರು, ಯಾದಗಿರಿ ಕಡೆಯಿಂದ ಬೆಂಗಳೂರಿಗೆ ಗುಳೆ ಬಂದವರನ್ನು ಸೈಟಿನಲ್ಲಿ ತಗಡಿನ ಶೆಡ್ಡಿನಲ್ಲಿಟ್ಟು, ಶನಿವಾರದ ಬಟವಾಡೆಯನ್ನು ಮುಂದಿನ ಶನಿವಾರಕ್ಕೆ, ಅದರ ಮುಂದಿನ ಶನಿವಾರಕ್ಕೆ ತಳ್ಳುತ್ತಾ, ಭಾನುವಾರ ಬೆಳಿಗ್ಗೆ ಇಸ್ತ್ರಿ ಶರ್ಟು ಹಾಕಿಕೊಂಡು ಬಂದು ದಶಮಾಂಶದ ಕವರು ಹಾಕುವವರು. ಅವರ ಹೆಸರು ಸಭೆಯ ಹೊಸ ಕಟ್ಟಡದ ಅಮೃತಶಿಲೆಯಲ್ಲಿ ಕೆತ್ತಿರುತ್ತದೆ. ಅವರ ಸೆಂಟ್ರಿಂಗ್ ಕೆಲಸದವನು ಊರಿಗೆ ಹೋಗಲು ಬಸ್ ಚಾರ್ಜಿಗೆ ಮೇಸ್ತ್ರಿಯ ಕಾಲು ಹಿಡಿದಿರುತ್ತಾನೆ. ಸೈಟು ಲೋಕದ್ದು, ಸಭೆ ದೇವರದ್ದು ಎಂಬ ಗೋಡೆ ಇಲ್ಲದಿದ್ದರೆ ಆ ಮನುಷ್ಯ ಹಾಗೆ ನೆಮ್ಮದಿಯಾಗಿ ಹಾಡಲು ಸಾಧ್ಯವೇ ಇರಲಿಲ್ಲ. ಗೋಡೆ ಕಟ್ಟಿಕೊಟ್ಟದ್ದು ನಮ್ಮ ವೇದಿಕೆ. ‘ಆಶೀರ್ವಾದದ ಸುವಾರ್ತೆ’ ಎಂದು ಟೀವಿಯಲ್ಲಿ, ಯೂಟ್ಯೂಬಿನಲ್ಲಿ ಮಾರುವ ಸರಕು ಇದೇ ಗೋಡೆಯ ಆಚೆ ಬದಿಯದ್ದು. ದುಡಿದದ್ದು ಹೇಗೆ ಎಂದು ಕೇಳದೆ, ಕೊಟ್ಟದ್ದೆಷ್ಟು ಎಂದು ಮಾತ್ರ ಕೇಳುವ ಸುವಾರ್ತೆ.

ಈ ಬೋಧೆಯಿಂದ ಸುಖಪಟ್ಟವರೆಂದರೆ ದೊಡ್ಡ ವೇದಿಕೆಗಳ ಪ್ರಸಂಗಿಗಳು. ಹಳ್ಳಿಗಳ ಬಡ ಪಾಸ್ಟರುಗಳು ಇದರಿಂದ ನರಳಿದ್ದಾರೆ. ಕಲ್ಯಾಣ ಕರ್ನಾಟಕದ ಊರೂರು ಟಿವಿಎಸ್ ಮೊಪೆಡ್ಡಿನಲ್ಲಿ ಅಲೆಯುವ, ಹತ್ತು ಮನೆಗಳ ಸಭೆ ನೋಡಿಕೊಳ್ಳುವ ಸೇವಕ ‘ನಂಬಿಕೆಯ ಜೀವನ’ ನಡೆಸಬೇಕು, ಬೇರೆ ಕೆಲಸಕ್ಕೆ ಕೈ ಹಾಕಿದರೆ ನಂಬಿಕೆ ಕಡಿಮೆ ಎಂದರ್ಥ ಎಂದು ತಲೆಗೆ ತುಂಬಿದ್ದಾರೆ. ಅವನಿಗೆ ಹೊಲಿಗೆ ಬರುತ್ತದೆ, ವೈರಿಂಗ್ ಬರುತ್ತದೆ. ಮಾಡಿದರೆ ಮೇಲಿನವರಿಗೆ ತಿಳಿಯದಂತೆ ಮಾಡುತ್ತಾನೆ. ಹೆಂಡತಿ ಅವರಿವರ ಹೊಲಕ್ಕೆ ಕಳೆ ತೆಗೆಯಲು ಹೋಗುತ್ತಾಳೆ, ಪ್ರಾರ್ಥನಾ ಪತ್ರದಲ್ಲಿ ಅದನ್ನು ಬರೆಯುವುದಿಲ್ಲ. ಮಗಳ ಕಾಲೇಜು ಫೀಸು ಕಟ್ಟಲಾಗದೆ ಮುಖ ಸಣ್ಣದು ಮಾಡಿಕೊಳ್ಳುತ್ತಾನೆ. ಪೌಲ ಥೆಸಲೋನಿಕದವರಿಗೆ, ನಾವು ನಿಮಗೆ ಭಾರವಾಗಬಾರದೆಂದು ಹಗಲಿರುಳು ದುಡಿದೆವು ಎಂದು ಎದೆಯುಬ್ಬಿಸಿ ಬರೆದ. ನಮ್ಮ ಹಳ್ಳಿಯ ಪೌಲ ಅದೇ ದುಡಿಮೆಯನ್ನು ಕಳ್ಳತನದಂತೆ ಬಚ್ಚಿಡಬೇಕು. ಇದನ್ನು ಅವನಿಗೆ ಬೋಧಿಸುವವರು ಏಸಿ ಕಾರಿನಲ್ಲಿ ಬಂದು ಹೋಗುವವರು. ಜಾರ್ಜ್ ಮುಲ್ಲರ್ ಯಾರ ಹತ್ತಿರವೂ ಕೈಚಾಚದೆ ಬ್ರಿಸ್ಟಲ್‌ನಲ್ಲಿ ಅನಾಥಾಲಯ ನಡೆಸಿದ ಕಥೆಯನ್ನು ಅವರು ತಪ್ಪದೆ ಹೇಳುತ್ತಾರೆ. ಮುಲ್ಲರ್ ಪ್ರತಿ ವರ್ಷ ಲೆಕ್ಕಪತ್ರ ಅಚ್ಚು ಹಾಕಿಸುತ್ತಿದ್ದ, ಬೆಳೆದ ಹುಡುಗರನ್ನು ಕಸುಬು ಕಲಿಯಲು ಹಚ್ಚುತ್ತಿದ್ದ ಎಂಬ ಭಾಗ ಮಾತ್ರ ಅವರ ಬಾಯಿಗೆ ಬರುವುದಿಲ್ಲ.

ಹಾಗಾದರೆ ಸುವಾರ್ತೆ ಸಾರುವವರು ಬೇಡವೇ, ಎಲ್ಲವೂ ಸೇವೆಯೇ ಎಂದರೆ ಯಾವುದೂ ಸೇವೆಯಲ್ಲ ಎಂದಾಗುವುದಿಲ್ಲವೇ ಎಂದು ಕೇಳುತ್ತಾರೆ. ಬೇಕು. ಬಾಯಿಬಿಟ್ಟು ಹೇಳದೆ ಯಾರಿಗೂ ಏನೂ ತಿಳಿಯುವುದಿಲ್ಲ. ಬರೀ ಒಳ್ಳೆಯವನಾಗಿ ಓಡಾಡಿಕೊಂಡಿರುವುದೇ ಸುವಾರ್ತೆ ಎನ್ನುವವರನ್ನೂ ನಾನು ಒಪ್ಪುವುದಿಲ್ಲ. ವಾಕ್ಯವನ್ನು ಆಳವಾಗಿ ಓದಿ ಕಲಿಸುವ ಸಭಾಪಾಲಕ ಸಭೆಗೆ ಬೇಕು, ಅವನಿಗೆ ಗೌರವದ ಸಂಬಳವೂ ಸಿಗಬೇಕು. ನನ್ನ ತಕರಾರು ಅವನನ್ನು ಮೇಲೆ ಕೂರಿಸಿದ್ದಕ್ಕೆ. ಇದೇನು ನನ್ನೊಬ್ಬನ ಹೊಸ ತಗಾದೆಯೂ ಅಲ್ಲ. 1974ರಲ್ಲಿ ಬಿಲ್ಲಿ ಗ್ರಹಾಂ ಮುಂದಾಳ್ತನದಲ್ಲಿ 150ಕ್ಕೂ ಹೆಚ್ಚು ದೇಶಗಳ ಸುವಾರ್ತಿಕರು ಸ್ವಿಟ್ಜರ್ಲೆಂಡಿನ ಲಾಸಾನ್‌ನಲ್ಲಿ ಸೇರಿದಾಗ, ಜಾನ್ ಸ್ಟಾಟ್ ಮುಂದೆ ನಿಂತು ರೂಪಿಸಿದ ಒಡಂಬಡಿಕೆಯಲ್ಲಿ ಸುವಾರ್ತೆ ಸಾರುವುದೂ ಸಮಾಜದ ನ್ಯಾಯಕ್ಕಾಗಿ ದುಡಿಯುವುದೂ ಎರಡೂ ಕ್ರೈಸ್ತರ ಕರ್ತವ್ಯ, ಅವನ್ನು ಒಂದಕ್ಕೊಂದು ಎದುರು ನಿಲ್ಲಿಸಿದ್ದಕ್ಕೆ ಪಶ್ಚಾತ್ತಾಪಪಡುತ್ತೇವೆ ಎಂದು ಒಪ್ಪಿಕೊಂಡರು. 2010ರಲ್ಲಿ ಕೇಪ್‌ಟೌನ್‌ನಲ್ಲಿ ಸೇರಿದವರು ಪವಿತ್ರ ಕೆಲಸ, ಲೌಕಿಕ ಕೆಲಸ ಎಂಬ ಈ ಒಡಕನ್ನೇ ಸುವಾರ್ತೆಗೆ ದೊಡ್ಡ ಅಡ್ಡಿ ಎಂದು ಹೆಸರಿಸಿದರು. ನಮ್ಮ ಮುಖಂಡರಲ್ಲಿ ಅನೇಕರು ಅಂಥ ಸಮ್ಮೇಳನಗಳಿಗೆ ವಿಮಾನದಲ್ಲಿ ಹೋಗಿಬಂದವರೇ. ಕೊರಳಪಟ್ಟಿಯ ಗುರುತಿನ ಚೀಟಿ ತಂದರು, ಮಾತನ್ನು ಅಲ್ಲೇ ಬಿಟ್ಟು ಬಂದರು.

ಸಭಾಪಾಲಕರಲ್ಲಿ ನನ್ನ ಕೋರಿಕೆ ದೊಡ್ಡದೇನಲ್ಲ. ಪೂರ್ಣಾವಧಿ ಸೇವೆಗೆ ಹೊರಟವರ ತಲೆಯ ಮೇಲೆ ಕೈಯಿಟ್ಟು ಪ್ರಾರ್ಥಿಸುತ್ತೀರಲ್ಲ, ಬೇಸಿಗೆ ರಜೆ ಮುಗಿದು ಶಾಲೆ ತೆರೆಯುವ ಮುಂಚಿನ ಭಾನುವಾರ ಸಭೆಯ ಟೀಚರುಗಳನ್ನೂ ಮುಂದೆ ಕರೆದು ಹಾಗೇ ಪ್ರಾರ್ಥಿಸಿ. ರಾತ್ರಿ ಪಾಳಿಯ ನರ್ಸಿಗೆ, ಬಸ್ ಕಂಡಕ್ಟರಿಗೆ, ಪೌರಕಾರ್ಮಿಕರಿಗೆ ಸಾಕ್ಷಿಯ ಹೊತ್ತಿನಲ್ಲಿ ಮೈಕು ಕೊಟ್ಟು, ವಾರವೆಲ್ಲ ಏನು ಮಾಡಿದಿರಿ ಹೇಳಿ ಎಂದು ಕೇಳಿ. ಮಲಾಕಿಯನ ಐದನೆಯ ವಚನವನ್ನು ವರ್ಷಕ್ಕೊಮ್ಮೆಯಾದರೂ ಓದಿ. ಗುತ್ತಿಗೆದಾರರ ಮನೆಗೆ ಕುಟುಂಬ ಪ್ರಾರ್ಥನೆಗೆ ಹೋದಾಗ, ಹಾಡು ಶುರುಮಾಡುವ ಮೊದಲು, ಶನಿವಾರದ ಬಟವಾಡೆ ಆಯಿತೇ ಎಂದು ವಿಚಾರಿಸಿ. ಆಗಿಲ್ಲವೆಂದರೆ, ಕಾಫಿ ಕುಡಿದು ಪ್ರಾರ್ಥನೆ ಮಾಡಿ, ಅವರು ಕೊಡುವ ಕಾಣಿಕೆಯ ಕವರನ್ನು ಅಲ್ಲೇ ಮೇಜಿನ ಮೇಲೆ ಬಿಟ್ಟು ಬನ್ನಿ.